ಹೊಸ ಲ್ಯಾಪ್‌ಟಾಪ್ ನಿಮ್ಮದು, ಬೀಗದ ಕೈ ಯಾರದು?

ಪ್ರಶ್ನೆ: ಮನೆಯಲ್ಲೇ ಕೂತು ಅನುವಾದ ಮತ್ತು ಕರಡು ತಿದ್ದುವ ಕೆಲಸ ಮಾಡುತ್ತೇನೆ. ಹತ್ತು ವರ್ಷ ದುಡಿದ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಬೆಂಬಲ ನಿಂತಿತು ಎಂದು ಗೊತ್ತಾಗಿ ವಿಂಡೋಸ್ 11 ಇರುವ ಹೊಸದನ್ನು ಕೊಂಡೆ. ಬಂದು ಆರು ದಿನವಾಯಿತು. ಮಾರಿದ ಕಡೆಯ ಹುಡುಗನೇ ಮೊದಲ ಸಲ ಆನ್ ಮಾಡಿ, ಯಾವುದೋ ಇಮೇಲ್ ಹಾಕಿ, ಎಲ್ಲ ರೆಡಿ ಮಾಡಿಕೊಟ್ಟ. ಅಂದಿನಿಂದ ಒಬ್ಬೊಬ್ಬರದು ಒಂದೊಂದು ಮಾತು. ಮೊದಲ ಚಾರ್ಜ್ 12 ಗಂಟೆ ಹಾಕಬೇಕಿತ್ತು, ಹಾಕದಿದ್ದರೆ ಬ್ಯಾಟರಿ ಆಯುಷ್ಯ ಅರ್ಧ ಆಗುತ್ತದೆ ಎಂದು ಅಣ್ಣನ ಮಗ ಹೆದರಿಸಿದ್ದಾನೆ. ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಬಾರದಂತೆ. 512 ಜಿಬಿ ಎಂದು ಹೇಳಿ ಕೊಟ್ಟಿದ್ದು, ಒಳಗೆ ನೋಡಿದರೆ 476 ತೋರಿಸುತ್ತದೆ. ಮೋಸ ಹೋದೆನಾ? ಏನೂ ಮಾಡದಿದ್ದರೂ ಫ್ಯಾನ್ ಸದ್ದು ಮಾಡುತ್ತದೆ, ಅಡಿಭಾಗ ಬಿಸಿಯಾಗುತ್ತದೆ. ವೈರಸ್ ರಕ್ಷಣೆಗೆ ದುಡ್ಡು ಕಟ್ಟಿ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತದೆ. ಹಳೆಯ ಕನ್ನಡ ಫೈಲ್‌ಗಳನ್ನು ತೆರೆದರೆ ಚಿತ್ರವಿಚಿತ್ರ ಅಕ್ಷರ. ಕೊನೆಯದಾಗಿ, ಮುಚ್ಚಳದ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತರೆ ವಾರಂಟಿ ಹೋಗುತ್ತದೆಯೇ? ಹಳೆಯ ಲ್ಯಾಪ್‌ಟಾಪ್ ಅನ್ನು ಅಳಿಸಿ ಒಬ್ಬ ಹುಡುಗಿಗೆ ಓದಲು ಕೊಡುವುದಾಗಿ ಮಾತು ಕೊಟ್ಟಿದ್ದೇನೆ, ಈ ವಾರವೇ ಕೊಡಬಹುದೇ?

ಉತ್ತರ: ನೀವು ಭಯಪಟ್ಟಿರುವ ವಿಷಯಗಳಲ್ಲಿ ಹೆಚ್ಚಿನವು ಭಯಪಡುವಂಥವಲ್ಲ. ಬ್ಯಾಟರಿ ಹಾಳಾಗಿಲ್ಲ, 512ರ ಲೆಕ್ಕದಲ್ಲಿ ಮೋಸವಿಲ್ಲ, ಫ್ಯಾನ್ ಸದ್ದು ಮೊದಲ ವಾರದಲ್ಲಿ ಮಾಮೂಲು. ಒಂದೊಂದಾಗಿ ಹೇಳುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲಿನ ಮೇಲೆ. 'ಯಾವುದೋ ಇಮೇಲ್ ಹಾಕಿ ರೆಡಿ ಮಾಡಿಕೊಟ್ಟ' ಎಂದಿರಲ್ಲ, ಅಲ್ಲಿ. ಹಾಗಾಗಿ ಅದನ್ನೇ ಮೊದಲು ಹಿಡಿಯೋಣ. ಉಳಿದದ್ದೆಲ್ಲ ನಾಳೆ ಮಾಡಿದರೂ ನಡೆಯುತ್ತದೆ.

ಆ 'ಯಾವುದೋ ಇಮೇಲ್'

ವಿಂಡೋಸ್ 11ರ ಹೋಮ್ ಆವೃತ್ತಿ ಮೊದಲ ಸಲ ಶುರುವಾಗುವಾಗ ಒಂದು ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಕೊಡದಿದ್ದರೆ ಸಾಮಾನ್ಯವಾಗಿ ಮುಂದೆ ಹೋಗಲು ಬಿಡುವುದಿಲ್ಲ. ಕೊಳ್ಳಲು ಬಂದವರಿಗೆ ಎಷ್ಟೋ ಸಲ ತಮ್ಮ ಪಾಸ್‌ವರ್ಡ್ ನೆನಪಿರುವುದಿಲ್ಲ, ಹಿಂದೆ ಇನ್ನೂ ಮೂರು ಜನ ಕಾಯುತ್ತಿರುತ್ತಾರೆ. ಆಗ ಹುಡುಗ ತನ್ನದೋ, ಅಂಗಡಿಯದೋ, ಆಗಷ್ಟೇ ಹುಟ್ಟಿಸಿದ್ದೋ ಒಂದು ಅಕೌಂಟ್ ಹಾಕಿ ಕೆಲಸ ಮುಗಿಸುತ್ತಾನೆ. ಇದರಲ್ಲಿ ಕೆಟ್ಟ ಉದ್ದೇಶ ಇರುವುದು ಅಪರೂಪ. ಅವಸರ, ಅಷ್ಟೇ. ಆದರೆ ಇದರ ಫಲ ಎರಡು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ.

ಹೇಗೆಂದರೆ, ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಒಳಗಿರುವುದೆಲ್ಲ ಗೂಢಲಿಪಿಯಲ್ಲಿ ಬರೆದಂತೆ ಇರುತ್ತದೆ. ಇದಕ್ಕೆ ಡಿವೈಸ್ ಎನ್‌ಕ್ರಿಪ್ಷನ್ ಎನ್ನುತ್ತಾರೆ. ಒಳಗೆ ಕೆಲಸ ಮಾಡುವುದು ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಬೀಗ. ಕಳ್ಳ ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಏನೂ ಓದಲಾಗುವುದಿಲ್ಲ. ಒಳ್ಳೆಯದೇ. ದಿನನಿತ್ಯ ಇದು ನಿಮ್ಮ ಗಮನಕ್ಕೂ ಬರುವುದಿಲ್ಲ, ಯಾಕೆಂದರೆ ಮದರ್‌ಬೋರ್ಡಿನಲ್ಲಿ ಟಿಪಿಎಂ ಎಂಬ ಪುಟ್ಟ ಭದ್ರತಾ ವ್ಯವಸ್ಥೆ ಇದ್ದು, ಅದೇ ಪ್ರತಿ ಸಲ ಬೀಗ ತೆಗೆಯುತ್ತದೆ. ಆದರೆ ಮದರ್‌ಬೋರ್ಡ್ ಬದಲಾದರೆ, ಯಂತ್ರ ಆನ್ ಆದ ಕೂಡಲೇ ಮೊದಲು ಓಡುವ ಬಯೋಸ್ ಎಂಬ ಮೂಲ ತಂತ್ರಾಂಶ ಅಪ್‌ಡೇಟ್ ಆದ ಮೇಲೆ ಏನಾದರೂ ಎಡವಟ್ಟಾದರೆ, ಆ ವ್ಯವಸ್ಥೆಗೆ ಅನುಮಾನ ಬರುತ್ತದೆ. ಆಗ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಗಳ ಎಂಟು ಗುಂಪು. ಅದು ಎಲ್ಲಿರುತ್ತದೆ? ಮೊದಲ ದಿನ ಯಾರ ಅಕೌಂಟ್ ಹಾಕಿದ್ದರೋ ಅವರ ಅಕೌಂಟಿನಲ್ಲಿ.

ನನ್ನ ರಿಪೇರಿ ಟೇಬಲ್ ಮೇಲೆ ಇಂಥ ಲ್ಯಾಪ್‌ಟಾಪ್‌ಗಳು ಬರುತ್ತಲೇ ಇರುತ್ತವೆ. ಒಂದನ್ನಂತೂ ಮರೆಯಲಾರೆ. ಹೆಚ್ಚು ಕಡಿಮೆ ಎರಡು ವರ್ಷ ಬಳಸಿದ್ದು, ಯಂತ್ರಕ್ಕೆ ಏನೂ ಆಗಿಲ್ಲ, ಡಿಸ್ಕ್ ಕೂಡ ಚೆನ್ನಾಗಿದೆ. ಕೇಳುತ್ತಿರುವುದು ಕೀ ಒಂದನ್ನೇ. ಅಕೌಂಟ್ ಮಾಡಿಕೊಟ್ಟಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ, ಅವನ ಫೋನ್ ನಂಬರ್ ಬದಲಾಗಿತ್ತು. ಒಡತಿ ನನ್ನ ಎದುರೇ ಕೂತು, 'ನಿಮ್ಮಂಥವರಿಗೆ ಏನೋ ಒಂದು ದಾರಿ ಗೊತ್ತಿರುತ್ತದಲ್ವಾ' ಎಂದರು. ಗೊತ್ತಿಲ್ಲ. ನನಗೂ ಇಲ್ಲ, ಮೈಕ್ರೋಸಾಫ್ಟ್‌ನವರಿಗೂ ಇಲ್ಲ. ಕಳೆದ ಕೀಯನ್ನು ಅವರೂ ಮತ್ತೆ ಹುಟ್ಟಿಸಿ ಕೊಡಲಾರರು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟೆ. ಅವರ ಎರಡು ವರ್ಷದ ಬರವಣಿಗೆ ಹೋಯಿತು.

ಕೀ ಒಂದೇ ಅಲ್ಲ. 'ಫೈಂಡ್ ಮೈ ಡಿವೈಸ್' ಚಾಲೂ ಇದ್ದರೆ ನಿಮ್ಮ ಲ್ಯಾಪ್‌ಟಾಪ್ ಎಲ್ಲಿದೆ ಎಂದು ಆ ಅಕೌಂಟಿನವರಿಗೆ ಕಾಣುತ್ತದೆ. ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಚಾಲೂ ಇದ್ದರೆ ನೀವು ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲ್‌ಗಳು ಅವರ ಜಾಗಕ್ಕೆ ಹೋಗಿ ಕೂರುತ್ತಿರಬಹುದು. ಲ್ಯಾಪ್‌ಟಾಪ್ ಜೊತೆ ಆಫೀಸ್ ತಂತ್ರಾಂಶ ಬಂದಿದ್ದು, ಅದನ್ನು ಆ ಅಕೌಂಟಿಗೆ ಜೋಡಿಸಿದ್ದರೆ ಅದರ ಲೈಸೆನ್ಸ್ ಕೂಡ ಅವರದ್ದೇ. ಬೇರೆಯವರ ಬರಹ ಇಟ್ಟುಕೊಂಡು ಕೆಲಸ ಮಾಡುವ ನಿಮಗೆ ಇದು ಸಣ್ಣ ಮಾತಲ್ಲ.

ಮೊದಲು ನೋಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ 'ಯುವರ್ ಇನ್ಫೋ' ತೆರೆಯಿರಿ. ಅಲ್ಲಿ ಯಾರ ಇಮೇಲ್ ಇದೆ? ನಿಮ್ಮದೇ ಇದ್ದರೆ ನಿರಾಳ. ಮೈಕ್ರೋಸಾಫ್ಟ್ ಅಕೌಂಟಿನ ವೆಬ್ ಪುಟಕ್ಕೆ ಹೋಗಿ ನಿಮ್ಮ ಡಿವೈಸ್ ಹೆಸರಿನ ಕೆಳಗೆ ರಿಕವರಿ ಕೀ ಇದೆಯೇ ಎಂದು ಕಣ್ಣಾರೆ ನೋಡಿ, ಕಾಗದದ ಮೇಲೆ ಬರೆದಿಡಿ. ಮನೆಯ ಪತ್ರಗಳು ಇರುವ ಕಡೆ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ. ಅದೇ ಲ್ಯಾಪ್‌ಟಾಪ್ ಒಳಗೆ ಫೈಲ್ ಮಾಡಿ ಉಳಿಸಿದವರನ್ನೂ ನೋಡಿದ್ದೇನೆ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ!

ಇಮೇಲ್ ನಿಮ್ಮದಲ್ಲದಿದ್ದರೆ ಮೂರು ದಾರಿ ಇವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುತ್ತಿದ್ದೆ. ಬಂದು ಆರೇ ದಿನ, ಹಳೆಯ ಲ್ಯಾಪ್‌ಟಾಪ್ ಇನ್ನೂ ನಿಮ್ಮ ಹತ್ತಿರವೇ ಇದೆ. ಇಷ್ಟು ಸುಲಭದ ಸಮಯ ಮತ್ತೆ ಸಿಗುವುದಿಲ್ಲ. ಈ ಆರು ದಿನದಲ್ಲಿ ಮಾಡಿದ ಕೆಲಸವನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಚಾರ್ಜರ್ ಹಾಕಿ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ 'ರೀಸೆಟ್ ದಿಸ್ ಪಿಸಿ', ಅದರಲ್ಲಿ 'ರಿಮೂವ್ ಎವೆರಿಥಿಂಗ್'. ಒಂದೆರಡು ಗಂಟೆ ಹಿಡಿಯಬಹುದು, ನಡುವೆ ಹಲವು ಸಲ ಅದೇ ಆಫ್ ಆಗಿ ಆನ್ ಆಗುತ್ತದೆ. ಮುಟ್ಟಬೇಡಿ. ಕೊನೆಗೆ ಮೊದಲ ದಿನದ ಪರದೆ ಬರುತ್ತದೆ, ಆಗ ನಿಮ್ಮ ಇಮೇಲ್ ಹಾಕಿ. ವಿಂಡೋಸ್ ಲೈಸೆನ್ಸ್ ಹೋಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ವಿಂಡೋಸ್ ಜೊತೆಗೇ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ ಮದರ್‌ಬೋರ್ಡಿನ ಒಳಗೇ ಇರುತ್ತದೆ, ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಚಾಲೂ ಆಗುತ್ತದೆ. ಹೋಗಬಹುದಾದದ್ದು ಆಫೀಸ್ ಲೈಸೆನ್ಸ್. ಅದು ಹುಡುಗನ ಅಕೌಂಟಿಗೆ ಅಂಟಿದ್ದರೆ ರೀಸೆಟ್ ಮಾಡಿದರೂ ಅಲ್ಲೇ ಉಳಿಯುತ್ತದೆ. ಆದ್ದರಿಂದ ರೀಸೆಟ್‌ಗೆ ಮೊದಲೇ ಅವನಿಗೆ ಫೋನ್ ಮಾಡಿ ಕೇಳಿ. ಅವನ ಅಕೌಂಟಿನ ಡಿವೈಸ್ ಪಟ್ಟಿಯಿಂದ ನಿಮ್ಮ ಲ್ಯಾಪ್‌ಟಾಪ್ ತೆಗೆಯಲು ಹೇಳುವುದನ್ನೂ ಆಗಲೇ ಮುಗಿಸಿ. ಆರು ದಿನದ ಹಿಂದಿನ ಗಿರಾಕಿಯ ಫೋನ್ ಎತ್ತುತ್ತಾರೆ. ಎರಡು ವರ್ಷದ ಹಿಂದಿನವರದು ಅನುಮಾನ.

ಅಳಿಸಲು ಮನಸ್ಸಿಲ್ಲದಿದ್ದರೆ ಎರಡನೆಯ ದಾರಿ. ಅಕೌಂಟ್ಸ್‌ನ 'ಅದರ್ ಯೂಸರ್ಸ್'ನಲ್ಲಿ ನಿಮ್ಮ ಅಕೌಂಟ್ ಸೇರಿಸಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಅದರಲ್ಲಿ ಒಳಹೊಕ್ಕು, ಫೈಲ್‌ಗಳನ್ನು ಈಚೆಗೆ ತಂದುಕೊಂಡ ಮೇಲೆ ಹಳೆಯ ಅಕೌಂಟ್ ತೆಗೆಯಿರಿ. ತೆಗೆದಾಗ ಅದರೊಳಗಿನ ಫೈಲ್‌ಗಳೂ ಹೋಗುತ್ತವೆ, ಅದಕ್ಕೇ ಮೊದಲೇ ತಂದುಕೊಳ್ಳಬೇಕು. ಇಲ್ಲಿ ಜನ ಎಡವುವುದು ಒಂದೇ ಕಡೆ. ಅಕೌಂಟ್ ಬದಲಾಯಿತು ಎಂದ ಮಾತ್ರಕ್ಕೆ ಕೀ ಬದಲಾಗುವುದಿಲ್ಲ, ಅದು ಇನ್ನೂ ಹುಡುಗನ ಹತ್ತಿರವೇ ಇದೆ. ಸೆಟ್ಟಿಂಗ್ಸ್‌ನ ಪ್ರೈವಸಿ ಅಂಡ್ ಸೆಕ್ಯುರಿಟಿಯಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವ ತನಕ ಕಾದು, ಮತ್ತೆ ಆನ್ ಮಾಡಿ. ಹೊಸ ಕೀ ಹುಟ್ಟಿ ನಿಮ್ಮ ಅಕೌಂಟಿಗೆ ಸೇರುತ್ತದೆ. ಸೇರಿತಾ ಎಂದು ನೋಡಿಯೇ ನಂಬಿ.

ಮೂರನೆಯದು ಯಾವ ಮೈಕ್ರೋಸಾಫ್ಟ್ ಅಕೌಂಟೂ ಇಲ್ಲದ ಲೋಕಲ್ ಅಕೌಂಟ್. ನನ್ನ ವಿಷಯ ಯಾರಿಗೂ ಹೋಗುವುದು ಬೇಡ ಎನ್ನುವವರಿಗೆ ಇದು ಇಷ್ಟ, ತಪ್ಪೇನಿಲ್ಲ. ಆದರೆ ಲೋಕಲ್ ಅಕೌಂಟಿನಲ್ಲಿ ಹೊಸದಾಗಿ ಶುರು ಮಾಡಿದರೆ ಡಿವೈಸ್ ಎನ್‌ಕ್ರಿಪ್ಷನ್‌ನ ರಕ್ಷಣೆ ಪೂರ್ತಿ ಸಿಗುವುದಿಲ್ಲ. ಲ್ಯಾಪ್‌ಟಾಪ್ ಕಳುವಾದರೆ ಫೈಲ್‌ಗಳನ್ನು ಓದಬಹುದು. ಪಾಸ್‌ವರ್ಡ್ ಮರೆತರೂ ಕಷ್ಟ. ನಿಮ್ಮ ಕೆಲಸಕ್ಕೆ ಇದನ್ನು ನಾನು ಹೇಳುವುದಿಲ್ಲ.

ಹಾಗೇ ಇನ್ನೊಂದು ಮಾತು. ಲಾಗಿನ್ ಆಗಲು ಹುಡುಗ ಒಂದು ಪಿನ್ ಹೇಳಿಕೊಟ್ಟಿರುತ್ತಾನೆ, ಅದನ್ನು ಬದಲಿಸಿ. ನಾಲ್ಕಾರು ಅಂಕಿಯ ಪಿನ್ ಉದ್ದದ ಪಾಸ್‌ವರ್ಡ್‌ಗಿಂತ ದುರ್ಬಲ ಅಲ್ವಾ ಎಂದು ತುಂಬ ಜನ ಕೇಳುತ್ತಾರೆ. ಅಲ್ಲ. ಪಿನ್ ಆ ಒಂದು ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಪಾಸ್‌ವರ್ಡ್ ಕದ್ದವನು ಎಲ್ಲಿಂದ ಬೇಕಾದರೂ ನಿಮ್ಮ ಅಕೌಂಟಿಗೆ ನುಗ್ಗಬಹುದು. ಪಿನ್ ಕದ್ದವನಿಗೆ ನಿಮ್ಮ ಲ್ಯಾಪ್‌ಟಾಪ್ ಕೂಡ ಕೈಯಲ್ಲಿರಬೇಕು. ಮೇಲಿಂದ ಮೇಲೆ ತಪ್ಪು ಹಾಕಿದರೆ ಅದು ತಾನೇ ತಡೆಯುತ್ತದೆ. 1234 ಮಾತ್ರ ಬೇಡ.

12 ಗಂಟೆಯ ಕಥೆ

ಅಣ್ಣನ ಮಗ ಸುಳ್ಳು ಹೇಳಿಲ್ಲ, ಹಳೆಯ ಕಾಲದ ನಿಜ ಹೇಳಿದ್ದಾನೆ. ಹಿಂದೆ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳಿದ್ದವು. ಅವನ್ನು ನಿಧಾನವಾಗಿ, ಹತ್ತು ಹನ್ನೆರಡು ಗಂಟೆಗೂ ಮೀರಿ ಚಾರ್ಜ್ ಮಾಡಬೇಕಿತ್ತು. ಅರ್ಧಂಬರ್ಧ ಬಳಸಿ ಮತ್ತೆ ಚಾರ್ಜ್ ಮಾಡುತ್ತಿದ್ದರೆ ಅಷ್ಟೇ ತನ್ನ ಶಕ್ತಿ ಎಂದುಕೊಂಡು ಕುಗ್ಗುತ್ತವೆ ಎಂಬ ಮಾತೂ ಇತ್ತು. ಮೆಮೊರಿ ಎಫೆಕ್ಟ್ ಎನ್ನುತ್ತಿದ್ದರು. ಈಗ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವುದು ಲಿಥಿಯಂ ಅಯಾನ್ ಜಾತಿಯದು. ಇದನ್ನು ಸೋನಿ ಕಂಪನಿ 1991ರಲ್ಲಿ ಮೊದಲ ಬಾರಿಗೆ ಮಾರುಕಟ್ಟೆಗೆ ತಂದಿತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಕೂಡ ಬಂತು. ಬ್ಯಾಟರಿ ಬದಲಾಗಿ ಮೂವತ್ತು ವರ್ಷವಾದರೂ ಬುದ್ಧಿಮಾತು ಹಳೆಯ ಬ್ಯಾಟರಿಯದೇ ಉಳಿದಿದೆ.

ಲಿಥಿಯಂ ಬ್ಯಾಟರಿ ತುಂಬಿದ ಕೂಡಲೇ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ. ಹನ್ನೆರಡು ಗಂಟೆ ಹಾಕಿದರೂ ಎರಡು ಗಂಟೆಯಲ್ಲಿ ತುಂಬಿ ಉಳಿದ ಹತ್ತು ಗಂಟೆ ಸುಮ್ಮನೆ ಕೂತಿರುತ್ತದೆ. ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಬಾರದು ಎಂಬುದೂ ಅರ್ಧ ನಿಜ. ಹಾಕಿದ್ದಾಗ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಚಾರ್ಜರ್‌ನಿಂದಲೇ ಕರೆಂಟ್ ಎಳೆಯುತ್ತದೆ, ಬ್ಯಾಟರಿ ತುಂಬಿ ತುಳುಕುವುದಿಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ಆಗದ ಎರಡು ಸಂಗತಿಗಳಿವೆ. ಒಂದು ಬಿಸಿ, ಇನ್ನೊಂದು ಸದಾ 100ರಲ್ಲಿ ನಿಲ್ಲುವುದು. ತುಂಬಿದಾಗ ಒಳಗಿನ ಒತ್ತಡ, ಅಂದರೆ ವೋಲ್ಟೇಜ್, ಜಾಸ್ತಿ. ಜಾಸ್ತಿ ವೋಲ್ಟೇಜ್‌ನಲ್ಲಿ, ಅದೂ ಬಿಸಿಯಲ್ಲಿ, ತಿಂಗಳುಗಟ್ಟಲೆ ಕೂತರೆ ಒಳಗಿನ ರಾಸಾಯನಿಕಗಳು ಬೇಗ ಸವೆಯುತ್ತವೆ.

ನಿಮ್ಮಂತೆ ದಿನವಿಡೀ ಒಂದೇ ಮೇಜಿನಲ್ಲಿ ಕೂತು ಕೆಲಸ ಮಾಡುವವರಿಗೆ ಪರಿಹಾರ ಸುಲಭ. ತಯಾರಕರು ಕೊಟ್ಟಿರುವ ಆ್ಯಪ್‌ನಲ್ಲಿ, ಕೆಲವದರಲ್ಲಿ ಬಯೋಸ್‌ನಲ್ಲಿ, ಚಾರ್ಜ್ ಅನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇರುತ್ತದೆ. ಬ್ಯಾಟರಿ ಕನ್ಸರ್ವೇಷನ್, ಬ್ಯಾಟರಿ ಕೇರ್, ಹೀಗೆ ಹೆಸರು ಬೇರೆ ಬೇರೆ. ಅದನ್ನು ಆನ್ ಮಾಡಿ, ಚಾರ್ಜರ್ ಹಾಕಿಕೊಂಡೇ ಇರಿ, ಮರೆತುಬಿಡಿ. ಪ್ರಯಾಣದ ಹಿಂದಿನ ರಾತ್ರಿ 100ಕ್ಕೆ ಏರಿಸಿಕೊಂಡರಾಯಿತು. ಆ ಮಾತು ನಂಬಿ ಚಾರ್ಜರ್ ಕಿತ್ತು, ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಿಸುವುದರಿಂದ ಬ್ಯಾಟರಿ ಉಳಿಯುವುದಿಲ್ಲ, ಸವೆಯುತ್ತದೆ. ಅದರ ಆಯುಷ್ಯವನ್ನು ಎಣಿಸುವುದೇ ಇಂಥ ಸುತ್ತುಗಳ ಲೆಕ್ಕದಲ್ಲಿ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಒಂದು ಸುತ್ತು.

ಚಾರ್ಜರ್ ಬಗ್ಗೆ ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ. ಟೈಪ್ ಸಿ ಪಿನ್ ಇದ್ದರೆ ಫೋನ್ ಚಾರ್ಜರ್ ಹಾಕಿದರೆ ಏನೂ ಸುಡುವುದಿಲ್ಲ. ಎರಡೂ ಕಡೆಯವರು ಮೊದಲು 'ನಿನ್ನ ಹತ್ತಿರ ಎಷ್ಟಿದೆ, ನನಗೆ ಎಷ್ಟು ಬೇಕು' ಎಂದು ಮಾತಾಡಿಕೊಂಡೇ ಕರೆಂಟ್ ಬಿಡುತ್ತಾರೆ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗೆ 20 ವ್ಯಾಟ್‌ನದು ಕೊಟ್ಟರೆ ಆಮೆ ವೇಗದಲ್ಲಿ ಏರುತ್ತದೆ, ಅಥವಾ ಒಲ್ಲೆ ಎನ್ನುತ್ತದೆ. ಹೆಸರಿಲ್ಲದ ಅಗ್ಗದ ಚಾರ್ಜರ್ ಮಾತ್ರ ಬೇಡ, ಈ ಮಾತುಕತೆಯನ್ನು ಅದು ನೆಟ್ಟಗೆ ಆಡುತ್ತದೆ ಎಂಬ ಭರವಸೆ ಇಲ್ಲ. ಮತ್ತೆ, ಯಾವತ್ತಾದರೂ ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಆ ಕ್ಷಣವೇ ಚಾರ್ಜ್ ನಿಲ್ಲಿಸಿ ಸರ್ವೀಸ್‌ಗೆ ಕೊಡಿ. ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಒತ್ತಿ ಸರಿಮಾಡಲು ಹೋಗಬೇಡಿ.

ಕಾಣೆಯಾದ 36 ಜಿಬಿ

ಮೋಸವಿಲ್ಲ, ಲೆಕ್ಕದ ವ್ಯತ್ಯಾಸ ಅಷ್ಟೇ. ಡಿಸ್ಕ್ ತಯಾರಿಸುವವರು ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎನ್ನುತ್ತಾರೆ. ವಿಂಡೋಸ್ ಒಂದು ಜಿಬಿ ಎಂದರೆ 1024ನ್ನು ಮೂರು ಸಲ ಗುಣಿಸಿದ್ದು, ಅಂದರೆ 107 ಕೋಟಿ ಚಿಲ್ಲರೆ ಎನ್ನುತ್ತದೆ. ಒಂದೇ ರಾಶಿಯನ್ನು ದೊಡ್ಡ ಸೇರಿನಲ್ಲಿ ಅಳೆದರೆ ಸೇರುಗಳ ಸಂಖ್ಯೆ ಕಡಿಮೆ ಬರುತ್ತದಲ್ವಾ, ಹಾಗೆ. 512ನ್ನು ಆ ಅಳತೆಯಲ್ಲಿ ಅಳೆದರೆ 476. ನಿಮಗೆ ಬಂದಿದ್ದೂ ಅದೇ. 1 ಟಿಬಿ ಕೊಂಡವರಿಗೆ 931 ಕಾಣುತ್ತದೆ, ಅವರೂ ಹೀಗೇ ಬೇಜಾರು ಮಾಡಿಕೊಳ್ಳುತ್ತಾರೆ.

ಫ್ಯಾನ್, ಬಿಸಿ ಮತ್ತು ಬ್ಯಾಗು

'ಏನೂ ಮಾಡದಿದ್ದರೂ' ಎಂದು ಬರೆದಿದ್ದೀರಿ. ನೀವು ಮಾಡುತ್ತಿಲ್ಲ, ಅದು ಮಾಡುತ್ತಿದೆ. ಹೊಸ ಲ್ಯಾಪ್‌ಟಾಪ್ ಮೊದಲ ಕೆಲವು ದಿನ ಹೊಸ ಮನೆಗೆ ಬಂದವರಂತೆ ಸಾಮಾನು ಜೋಡಿಸುತ್ತಿರುತ್ತದೆ. ತಿಂಗಳುಗಳಿಂದ ಬಾಕಿ ಇದ್ದ ಅಪ್‌ಡೇಟ್‌ಗಳು ಇಳಿಯುತ್ತವೆ, ನೀವು ತುಂಬಿದ ಫೈಲ್‌ಗಳಿಗೆಲ್ಲ ಸೂಚಿ ತಯಾರಾಗುತ್ತದೆ, ಒನ್‌ಡ್ರೈವ್ ಸಾಗಿಸುತ್ತಿರುತ್ತದೆ. ಒಂದು ರಾತ್ರಿ ಚಾರ್ಜರ್ ಮತ್ತು ವೈಫೈ ಕೊಟ್ಟು, ಸ್ಲೀಪ್ ಆಗದಂತೆ ಬಿಟ್ಟುಬಿಡಿ. ಹೆಚ್ಚಿನ ಗದ್ದಲ ಮುಗಿಯುತ್ತದೆ. ಎರಡು ವಾರವಾದರೂ ಸದ್ದು ನಿಲ್ಲದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಸಿಪಿಯು ತಿನ್ನುತ್ತಿರುವುದು ಯಾವುದೆಂದು ಸಾಲಾಗಿ ತೋರಿಸುತ್ತದೆ.

ಅಡಿಭಾಗದ ಬಿಸಿ ಕೈಗೆ ಹೆದರಿಕೆ ಹುಟ್ಟಿಸಿದರೂ ಪ್ರೊಸೆಸರ್‌ಗೆ ಅದು ದೊಡ್ಡದಲ್ಲ. 100 ಡಿಗ್ರಿ ಹತ್ತಿರ ಬಂದರೆ ಅದೇ ತನ್ನ ವೇಗ ಇಳಿಸಿಕೊಳ್ಳುತ್ತದೆ. ಆದರೆ ತುಂಬ ಮಾದರಿಗಳು ಗಾಳಿ ಎಳೆದುಕೊಳ್ಳುವುದೇ ಅಡಿಯಿಂದ. ದಿಂಬು, ಹಾಸಿಗೆ, ಮಡಿಲ ಮೇಲಿನ ಹೊದಿಕೆ, ಇವು ಆ ಬಾಯಿ ಮುಚ್ಚುತ್ತವೆ. ಗಟ್ಟಿ ಜಾಗದ ಮೇಲಿಡಿ.

ಬ್ಯಾಗಿನ ವಿಷಯ ನನ್ನದೇ ಅನುಭವ. ಮುಚ್ಚಳ ಮುಚ್ಚಿ, ನಿದ್ದೆ ಹೋಯಿತು ಎಂದುಕೊಂಡು ಬ್ಯಾಗಿಗೆ ಹಾಕಿದೆ. ಎರಡು ಗಂಟೆ ಬಿಟ್ಟು ತೆಗೆದರೆ ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು, ಬ್ಯಾಟರಿ ಖಾಲಿ. ಈಗಿನ ಲ್ಯಾಪ್‌ಟಾಪ್‌ಗಳ ಸ್ಲೀಪ್ ಫೋನಿನ ಹಾಗೆ. ಕಣ್ಣು ಮುಚ್ಚಿರುತ್ತದೆ, ಎಚ್ಚರ ಇರುತ್ತದೆ. ಬ್ಯಾಗಿನೊಳಗೆ ಏನೋ ಒಂದು ಅಪ್‌ಡೇಟ್ ಶುರು ಮಾಡಿದರೆ ಬಿಸಿ ಹೋಗಲು ಜಾಗವಿಲ್ಲ. ಬ್ಯಾಗಿಗೆ ಹಾಕುವ ಮುಂಚೆ ಶಟ್‌ಡೌನ್ ಮಾಡಿ ಅಥವಾ ಹೈಬರ್ನೇಟ್ ಮಾಡಿ, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಬರೆದಿಟ್ಟು ಆಫ್ ಆಗುವಂತೆ ಮಾಡಿ. ಇಲ್ಲೊಂದು ತಮಾಷೆ ಇದೆ. ವಿಂಡೋಸ್ 8 ಬಂದ 2012ರಿಂದ ಶಟ್‌ಡೌನ್ ಎಂದರೆ ಪೂರ್ತಿ ಶಟ್‌ಡೌನ್ ಅಲ್ಲ. ಬೇಗ ಆನ್ ಆಗಲಿ ಎಂದು ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಇದಕ್ಕೆ ಫಾಸ್ಟ್ ಸ್ಟಾರ್ಟಪ್ ಎನ್ನುತ್ತಾರೆ. ಏನಾದರೂ ಹಠ ಹಿಡಿದಾಗ ಆಫ್ ಮಾಡಿ ಆನ್ ಮಾಡಿದರೂ ಹಠ ಬಿಡದಿರುವುದು ಇದಕ್ಕೇ. ಆಗ ರೀಸ್ಟಾರ್ಟ್ ಒತ್ತಿ. ರೀಸ್ಟಾರ್ಟ್‌ನಲ್ಲಿ ಮಾತ್ರ ನಿಜಕ್ಕೂ ಮೊದಲಿನಿಂದ ಶುರುವಾಗುತ್ತದೆ.

ದುಡ್ಡು ಕೇಳುವ ಕಾವಲುಗಾರ

ದಿನಕ್ಕೆ ನಾಲ್ಕು ಸಲ ಕೇಳುತ್ತಿರುವುದು ತಯಾರಕರು ಮೊದಲೇ ಹಾಕಿ ಕಳಿಸಿದ ಟ್ರಯಲ್ ಆ್ಯಂಟಿವೈರಸ್ ಇರಬೇಕು. ಒಂದು ತಿಂಗಳು ಪುಕ್ಕಟೆ, ಆಮೇಲೆ ಚಂದಾ. ಅದನ್ನು ತೆಗೆದರೆ ಬಾಗಿಲು ತೆರೆದಿಟ್ಟಂತೆ ಎಂದು ಜನ ತಿಳಿದಿದ್ದಾರೆ. ಹಾಗಿಲ್ಲ. ವಿಂಡೋಸ್ ಒಳಗೇ ಡಿಫೆಂಡರ್ ಎಂಬ ಕಾವಲು ಇದೆ. ಬೇರೆಯವನು ಬಂದು ನಿಂತರೆ ಅದು ಪಕ್ಕಕ್ಕೆ ಸರಿಯುತ್ತದೆ, ಅವನು ಹೋದರೆ ತಾನಾಗಿ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಕೆಲಸ ಮಾಡುವ ನಿಮ್ಮಂಥವರಿಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಿಂದ ಟ್ರಯಲ್ ತೆಗೆದು, ರೀಸ್ಟಾರ್ಟ್ ಮಾಡಿ, 'ವಿಂಡೋಸ್ ಸೆಕ್ಯುರಿಟಿ' ತೆರೆದು ಹಸಿರು ಗುರುತು ಇದೆಯೇ ನೋಡಿ. ದುಡ್ಡು ಕೊಟ್ಟು ಬೇರೆಯದು ಇಟ್ಟುಕೊಳ್ಳುವುದೂ ತಪ್ಪಲ್ಲ. ಆದರೆ ಎರಡೆರಡನ್ನು ಒಟ್ಟಿಗೆ ಓಡಿಸಬೇಡಿ, ಚಂದಾ ಪ್ರತಿ ವರ್ಷ ಕಾರ್ಡಿನಿಂದ ತಾನಾಗಿ ಕಡಿತವಾಗುವ ಗುಂಡಿ ಒತ್ತಿದ್ದೀರಾ ನೋಡಿಕೊಳ್ಳಿ.

ಒಂದು ವೇಳೆ ಆ ಸೂಚನೆಯಲ್ಲಿ 'ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಎಂದಿದ್ದರೆ ಅದು ಬೇರೆಯೇ ಕಥೆ. ಯಾವುದೋ ವೆಬ್‌ಸೈಟ್ ನೋಡುವಾಗ ಗೊತ್ತಿಲ್ಲದೆ 'ಅಲೋ' ಒತ್ತಿರುತ್ತೀರಿ, ಅದು ಬ್ರೌಸರ್ ಮೂಲಕ ಕಳಿಸುವ ಸುಳ್ಳು. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ.

ಫೈಲ್‌ಗಳು, ಮತ್ತು ಹಳೆಯ ಲ್ಯಾಪ್‌ಟಾಪ್

ಚಿತ್ರವಿಚಿತ್ರ ಅಕ್ಷರಕ್ಕೆ ಲ್ಯಾಪ್‌ಟಾಪ್ ಕೆಟ್ಟಿರುವುದು ಕಾರಣವಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ನಿಗದಿತ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಫೈಲ್‌ಗಳಲ್ಲಿ ಇರುವುದು ಅಸಲಿಗೆ ಇಂಗ್ಲಿಷ್ ಮತ್ತಿತರ ಚಿಹ್ನೆಗಳು. ಅವುಗಳ ಮೇಲೆ ಕನ್ನಡದ ವೇಷ ಹಾಕುವುದು ಫಾಂಟು. ಹಳೆಯ ಯಂತ್ರದಲ್ಲಿ ಆ ಫಾಂಟ್ ಇತ್ತು, ಹೊಸದರಲ್ಲಿ ಇಲ್ಲ, ಆದ್ದರಿಂದ ವೇಷ ಕಳಚಿದೆ. ಹಳೆಯದರ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನು ತಂದು ಹಾಕಿದರೆ ಸದ್ಯಕ್ಕೆ ಸರಿಹೋಗುತ್ತದೆ. ಮುಂದೆಯೂ ಬೇಕಾಗುವ ಬರಹಗಳನ್ನು ಮಾತ್ರ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಬದಲಾದ ಮೇಲೆ ಒಮ್ಮೆ ಓದಿ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದುಂಟು. ಕರಡು ತಿದ್ದುವ ನಿಮಗೆ ನಾನು ಹೇಳಬೇಕೇ! ಹೊಸ ಟೈಪಿಂಗ್‌ಗೆ ಬೇರೆ ತಂತ್ರಾಂಶ ಬೇಕಿಲ್ಲ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ, ಉಚ್ಚಾರಣೆಯಂತೆ ಟೈಪ್ ಮಾಡುವ ಫೊನೆಟಿಕ್ ಕೂಡ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಕನ್ನಡ, ಇಂಗ್ಲಿಷ್ ಬದಲಾಗುತ್ತದೆ.

ಒನ್‌ಡ್ರೈವ್ ಬಗ್ಗೆ ಎರಡು ಮಾತು. ನಿಮ್ಮ ಅಕೌಂಟಿನಲ್ಲಿ ಹೊಸದಾಗಿ ಶುರು ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರನ್ನೂ ಅದು ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಪುಕ್ಕಟೆ ಸಿಗುವುದು 5 ಜಿಬಿ. ಅದು ತುಂಬಿದ ಕೂಡಲೇ ದುಡ್ಡು ಕೇಳುತ್ತದೆ. ಜಾಗ ಮಾಡೋಣ ಎಂದು ಜನ ವೆಬ್‌ನಲ್ಲಿ ಫೈಲ್ ಅಳಿಸುತ್ತಾರೆ, ಲ್ಯಾಪ್‌ಟಾಪ್‌ನಿಂದಲೂ ಅಳಿಯುತ್ತದೆ. ಗಾಬರಿಯಾದರೆ ಒನ್‌ಡ್ರೈವ್‌ನ ರೀಸೈಕಲ್ ಬಿನ್ ನೋಡಿ, 30 ದಿನ ಅಲ್ಲಿರುತ್ತವೆ. ಅದು ಎರಡು ಕಡೆ ಒಂದೇ ರೀತಿ ಇಡುವ ವ್ಯವಸ್ಥೆ. ಹಾಗಾಗಿ ಅದನ್ನೇ ಬ್ಯಾಕಪ್ ಎಂದುಕೊಳ್ಳಬೇಡಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡು, ವಾರಕ್ಕೊಮ್ಮೆ ಕೆಲಸದ ಫೋಲ್ಡರ್ ನಕಲು ಮಾಡಿ, ಆಮೇಲೆ ಕಿತ್ತು ಬೇರೆ ಕಡೆ ಇಡಿ.

ಈಗ ಆ ಹುಡುಗಿಗೆ ಕೊಟ್ಟ ಮಾತು. ಈ ವಾರ ಬೇಡ. ಒಂದು ತಿಂಗಳು ತಡೆಯಿರಿ. ಫೈಲ್‌ಗಳನ್ನು ನಕಲು ಮಾಡಿದೆ, ಎಲ್ಲ ಬಂತು ಎನ್ನಿಸುತ್ತದೆ. ಮೂರನೆಯ ವಾರದಲ್ಲಿ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ನೆನಪಾಗುತ್ತದೆ, ವರ್ಡ್‌ನಲ್ಲಿ ವರ್ಷಗಟ್ಟಲೆ ಸೇರಿಸಿದ ಪದಗಳ ಪಟ್ಟಿ ನೆನಪಾಗುತ್ತದೆ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿದ್ದಿದ್ದ ಒಂದು ಒಪ್ಪಂದ ಪತ್ರ ನೆನಪಾಗುತ್ತದೆ. ಇನ್ನೊಂದು, ಆ ಯಂತ್ರದ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಯೇ ಕೊಟ್ಟರೆ ನೀವು ಬಿಟ್ಟ ತೊಂದರೆಯನ್ನೇ ಅವಳಿಗೆ ಕೊಟ್ಟಂತೆ. ಹತ್ತು ವರ್ಷದ್ದು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಹಾಕಿಸಿ ಕೊಟ್ಟರೆ ಓದು, ಬರಹ, ವಿಡಿಯೊ ಎಲ್ಲ ನಡೆಯುತ್ತದೆ. ಅದನ್ನು ಹಾಕುವಾಗ ನಿಮ್ಮ ಫೈಲ್‌ಗಳನ್ನು ಸುಮ್ನೆ ಡಿಲೀಟ್ ಮಾಡಿದರೆ ಸಾಲದು, ಡಿಸ್ಕನ್ನು ಪೂರ್ತಿ ಒರೆಸಲು ಹೇಳಿ. ಬರೀ ಡಿಲೀಟ್ ಆದ ಫೈಲ್‌ಗಳನ್ನು ಮತ್ತೆ ಎತ್ತುವುದು ಹಾರ್ಡ್ ಡಿಸ್ಕಿನಲ್ಲಿ ಕಷ್ಟವಲ್ಲ.

ಹೊಸದರ ವಾಪಸಾತಿ ಅವಧಿ ಎಷ್ಟು ದಿನ ಎಂದು ಬಿಲ್ ನೋಡಿ, ಅದರೊಳಗೆ ಅರ್ಧ ಗಂಟೆ ಕೂತು ಎಲ್ಲ ಪರೀಕ್ಷೆ ಮಾಡಿ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿ ಪರದೆಯಲ್ಲಿ ಸತ್ತ ಚುಕ್ಕೆ ಇದೆಯೇ ನೋಡಿ. ನೋಟ್‌ಪ್ಯಾಡ್‌ನಲ್ಲಿ ಪ್ರತಿಯೊಂದು ಕೀ ಒತ್ತಿ. ಎಲ್ಲ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಚುಚ್ಚಿ. ಯಾರಿಗಾದರೂ ವಿಡಿಯೊ ಕಾಲ್ ಮಾಡಿ ಕ್ಯಾಮೆರಾ, ಮೈಕ್, ಸ್ಪೀಕರ್ ಮೂರನ್ನೂ ಒಂದೇ ಸಲ ನೋಡಿಬಿಡಿ. ಈಗ ಕಂಡ ದೋಷಕ್ಕೆ ಹೊಸ ಲ್ಯಾಪ್‌ಟಾಪ್ ಸಿಗಬಹುದು, ತಿಂಗಳು ಬಿಟ್ಟು ಕಂಡರೆ ಸಿಗುವುದು ರಿಪೇರಿ.

ಮುಚ್ಚಳದ ಮೇಲಿನ ಹಾಳೆ ಸಾಗಣೆಯಲ್ಲಿ ಗೀರು ಬೀಳದಿರಲಿ ಎಂದು ಹಾಕಿದ್ದು. ಕಿತ್ತರೆ ವಾರಂಟಿ ಹೋಗುವುದಿಲ್ಲ. ಗಾಳಿ ಕಿಂಡಿಯ ಮೇಲೆ ಬಂದಿದ್ದರೆ ಕೀಳಲೇಬೇಕು. ಕೀಬೋರ್ಡ್ ಮೇಲೆ ಸಿಲಿಕೋನ್ ಹಾಸು, ಕ್ಯಾಮೆರಾ ಮೇಲೆ ದಪ್ಪದ ಮುಚ್ಚಳ, ಇವನ್ನು ಮಾತ್ರ ಅಂಟಿಸಬೇಡಿ. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಪರದೆಗೂ ಕೀಬೋರ್ಡಿಗೂ ನಡುವೆ ಜಾಗವೇ ಇಲ್ಲ, ಮುಚ್ಚಿದಾಗ ಒತ್ತಿ ಪರದೆ ಒಡೆದವರು ನನ್ನ ಹತ್ತಿರ ಬಂದಿದ್ದಾರೆ. ಕೈಯಿಡುವ ಕಡೆಯ ಬಣ್ಣದ ಸ್ಟಿಕ್ಕರ್‌ಗಳನ್ನೂ ಬೇಡವೆಂದರೆ ಕೀಳಿ. ಅಡಿಭಾಗದಲ್ಲಿ ಸೀರಿಯಲ್ ನಂಬರ್ ಇರುವ ಚೀಟಿಯನ್ನು ಬಿಡಿ, ಅದರ ಒಂದು ಫೋಟೊ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ಆದರೆ ಇದೆಲ್ಲಕ್ಕೂ ಮೊದಲು ಆ ಹುಡುಗನಿಗೆ ಫೋನ್ ಮಾಡಿ, ಇವತ್ತೇ.